ಜಿಪಿ2 ಏಷ್ಯಾ ಸರಣಿ: ಕೊಲ್ಲಿಯ ಚಳಿಗಾಲದಲ್ಲಿ ನಾಲ್ಕು ಋತು

ಜಿಪಿ2 ಏಷ್ಯಾ ಸರಣಿಯು 2008ರ ಜನವರಿಯಿಂದ 2011ರ ಮಾರ್ಚ್‌ವರೆಗೆ ನಡೆದ, ಫಾರ್ಮುಲಾ ಒನ್ ತಲುಪಬೇಕೆಂಬ ಯುವ ಚಾಲಕರಿಗಾಗಿ ರೂಪಿಸಿದ ಅಂತರರಾಷ್ಟ್ರೀಯ ಏಕಾಸನ ಕಾರ್ ರೇಸ್ ಸರಣಿ. ಅದರ ಮೊದಲ ಪಂದ್ಯ ದುಬೈಯಲ್ಲಿ ನಡೆಯಿತು. ಕೊನೆಯದು ಇಟಲಿಯ ಇಮೋಲಾದಲ್ಲಿ. ಈ ಅವಧಿಯಲ್ಲಿ ನಾಲ್ಕು ಋತುಗಳೂ 17 ಕೂಟಗಳೂ 33 ಪಂದ್ಯಗಳೂ ನಡೆದವು. ಹದಿನೇಳು ಕೂಟಗಳ ಪೈಕಿ ಹನ್ನೆರಡು ಕೊಲ್ಲಿ ದೇಶಗಳಲ್ಲಿಯೇ ನಡೆದವು. ಆ ಹನ್ನೆರಡರಲ್ಲಿ ಆರು ಸಂಯುಕ್ತ ಅರಬ್ ಸಂಸ್ಥಾನದ ಪಾಲಿಗೆ ಬಂದವು: ದುಬೈ ಆಟೋಡ್ರೋಮ್‌ನಲ್ಲಿ ಮೂರು, ಅಬುಧಾಬಿಯ ಯಾಸ್ ಮರೀನಾದಲ್ಲಿ ಮೂರು.

ಸರಣಿ ಅಲ್ಪಾಯುವಾದರೂ ಅದರ ಇತಿಹಾಸ ಎರಡು ಕಾರಣಗಳಿಗಾಗಿ ಗಮನಾರ್ಹ. ಮೊದಲನೆಯದಾಗಿ, ಯೂರೋಪಿನ ರೇಸಿಂಗ್ ತಂಡಗಳು ಚಳಿಗಾಲದಲ್ಲಿ ಕೊಲ್ಲಿಗೆ ಬಂದು ಯುವ ಚಾಲಕರನ್ನು ಪಳಗಿಸುವ ರೂಢಿ ಬೇರೂರಿದ್ದು ಈ ಸರಣಿಯ ಕಾಲದಲ್ಲಿ. ಇಂದು ಬೆಂಗಳೂರಿನ ಹುಡುಗರೂ ಅದೇ ಜಾಡಿನಲ್ಲಿ ಸಾಗುತ್ತಿದ್ದಾರೆ. ಎರಡನೆಯದಾಗಿ, ಒಂದು ರೇಸ್ ಸರಣಿ ಯಾವ ಆಧಾರಗಳ ಮೇಲೆ ನಿಂತಿರುತ್ತದೆ, ಯಾವುದು ಕಳಚಿದರೆ ನಿಂತುಹೋಗುತ್ತದೆ ಎಂಬುದನ್ನು ಇದರ ಕೊನೆಯ ಋತು ಬಹು ಸ್ಪಷ್ಟವಾಗಿ ತೋರಿಸಿಕೊಟ್ಟಿತು.

ಏಣಿ ಮತ್ತು ಅದರ ಮೆಟ್ಟಿಲುಗಳು

ಏಕಾಸನ ರೇಸ್ ಕಾರು ಎಂದರೆ ಚಾಲಕನೊಬ್ಬನೇ ಕೂರಬಲ್ಲ, ಚಕ್ರಗಳಿಗೆ ಹೊದಿಕೆಯಿಲ್ಲದ, ರೇಸಿಗೆಂದೇ ಕಟ್ಟಿದ ವಾಹನ. ಈ ಪ್ರಕಾರದ ತುದಿಯಲ್ಲಿರುವುದು ಫಾರ್ಮುಲಾ ಒನ್. ಅಲ್ಲಿಗೆ ಹೋಗಬಯಸುವವರು ಸಾಮಾನ್ಯವಾಗಿ ಏಳೆಂಟು ವರ್ಷದ ವಯಸ್ಸಿನಲ್ಲಿ ಗೋ-ಕಾರ್ಟ್ ಹತ್ತುತ್ತಾರೆ. ಹದಿನೈದು ತುಂಬಿದ ಮೇಲೆ ಫಾರ್ಮುಲಾ 4, ಅನಂತರ ಪ್ರಾದೇಶಿಕ ಮಟ್ಟದ ಸರಣಿ, ಫಾರ್ಮುಲಾ 3, ಕೊನೆಗೆ ಫಾರ್ಮುಲಾ 2 — ಹೀಗೆ ಒಂದೊಂದೇ ಮೆಟ್ಟಿಲು. ಪ್ರತಿ ಮೆಟ್ಟಿಲಿನಲ್ಲಿಯೂ ಕಾರಿನ ಶಕ್ತಿ, ವೇಗ, ಖರ್ಚು ಏರುತ್ತವೆ. ಜೊತೆಯವರ ಸಂಖ್ಯೆ ಇಳಿಯುತ್ತದೆ.

ಇಂದಿನ ಫಾರ್ಮುಲಾ 2ರ ಸ್ಥಾನದಲ್ಲಿ 2005ರಿಂದ 2016ರವರೆಗೆ ಇದ್ದುದು ಜಿಪಿ2 ಸರಣಿ. ಬ್ರೂನೊ ಮಿಶೆಲ್ ಮತ್ತು ಫ್ಲಾವಿಯೊ ಬ್ರಿಯಾತೋರೆ ಅದರ ಸ್ಥಾಪನೆಯಲ್ಲಿ ಮುಖ್ಯರು. ಯೂರೋಪಿನ ಫಾರ್ಮುಲಾ ಒನ್ ಕೂಟಗಳಲ್ಲಿ ಮುಖ್ಯ ಪಂದ್ಯಕ್ಕೆ ಮೊದಲು ಅದೇ ಟ್ರ್ಯಾಕ್‌ನಲ್ಲಿ ಜಿಪಿ2 ಪಂದ್ಯಗಳು ನಡೆಯುತ್ತಿದ್ದುದರಿಂದ, ಫಾರ್ಮುಲಾ ಒನ್ ತಂಡಗಳ ಮುಖ್ಯಸ್ಥರು ಕಿರಿಯರ ಚಾಲನೆಯನ್ನು ತಮ್ಮ ಕಣ್ಣೆದುರೇ ನೋಡುವಂತಾಯಿತು. ಈ ಜಿಪಿ2ರ ಚಳಿಗಾಲದ ಶಾಖೆಯೇ ಜಿಪಿ2 ಏಷ್ಯಾ.

ಹುಟ್ಟಿಗೆ ಕಾರಣಗಳು

ಯೂರೋಪಿನ ರೇಸ್ ಋತು ಸೆಪ್ಟೆಂಬರ್-ಅಕ್ಟೋಬರ್ ಹೊತ್ತಿಗೆ ಮುಗಿದು ಏಪ್ರಿಲ್-ಮೇ ಹೊತ್ತಿಗೆ ಮತ್ತೆ ಆರಂಭವಾಗುತ್ತದೆ. ನಡುವಿನ ತಿಂಗಳುಗಳಲ್ಲಿ ಕಾರುಗಳು ಗ್ಯಾರೇಜಿನಲ್ಲಿರುತ್ತವೆ. ತಂತ್ರಜ್ಞರ ಸಂಬಳ ಮಾತ್ರ ನಿಲ್ಲುವುದಿಲ್ಲ. ಆ ಕಾಲದಲ್ಲಿ ಯೂರೋಪಿನ ಟ್ರ್ಯಾಕ್‌ಗಳಲ್ಲಿ ಅಭ್ಯಾಸ ಮಾಡುವುದೂ ಕಷ್ಟ. ರೇಸ್ ಟೈರಿನ ರಬ್ಬರು ನಿಗದಿತ ಮಟ್ಟಕ್ಕೆ ಬಿಸಿಯಾದಾಗಲೇ ನೆಲವನ್ನು ಹಿಡಿಯುತ್ತದೆ. ಸೊನ್ನೆಗೆ ಹತ್ತಿರದ ಉಷ್ಣತೆಯಲ್ಲಿ ಅದು ಬಿಸಿಯೇರದೆ ಜಾರುತ್ತದೆ. ಅಂತಹ ಚಾಲನೆಯಿಂದ ಚಾಲಕ ಕಲಿಯುವುದೂ ಕಡಿಮೆ, ತಂಡಕ್ಕೆ ದೊರೆಯುವ ಮಾಹಿತಿಯೂ ಕಡಿಮೆ.

ಕೊಲ್ಲಿಯ ಸ್ಥಿತಿ ಇದಕ್ಕೆ ತದ್ವಿರುದ್ಧ. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ದುಬೈ-ಅಬುಧಾಬಿಗಳಲ್ಲಿ ಜನವರಿಯ ಹಗಲು ಇಪ್ಪತ್ತೈದು ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ಮಳೆ ಅಪರೂಪ. ದುಬೈ ಆಟೋಡ್ರೋಮ್ 2004ರಲ್ಲಿ ತೆರೆದಿತ್ತು; ಬಹರೈನ್‌ನ ಸಖೀರ್ ಟ್ರ್ಯಾಕ್ ಅದೇ ವರ್ಷ ಮಧ್ಯಪ್ರಾಚ್ಯದ ಮೊದಲ ಫಾರ್ಮುಲಾ ಒನ್ ಪಂದ್ಯ ನಡೆಸಿತ್ತು; ಅಬುಧಾಬಿಯ ಯಾಸ್ ದ್ವೀಪದಲ್ಲಿ ಹೊಸ ಟ್ರ್ಯಾಕ್ ಕಟ್ಟುವ ಕೆಲಸ ನಡೆದಿತ್ತು. ಕೋಟಿಗಟ್ಟಲೆ ಖರ್ಚು ಮಾಡಿ ಕಟ್ಟಿದ ಈ ಟ್ರ್ಯಾಕ್‌ಗಳಿಗೆ ವರ್ಷಕ್ಕೊಂದು ದೊಡ್ಡ ಕೂಟ ಸಾಲದು. ಯೂರೋಪಿನ ತಂಡಗಳಿಗೆ ಬಿಸಿಲು ಬೇಕಿತ್ತು, ಕೊಲ್ಲಿಯ ಟ್ರ್ಯಾಕ್‌ಗಳಿಗೆ ಪಂದ್ಯ ಬೇಕಿತ್ತು. ಏಷ್ಯಾದಲ್ಲಿ ಹೊಸ ಪ್ರೇಕ್ಷಕರನ್ನೂ ಪ್ರಾಯೋಜಕರನ್ನೂ ಹುಡುಕುವ ಉದ್ದೇಶ ಇದಕ್ಕೆ ಸೇರಿಕೊಂಡಿತು.

ಕಾರು ಮತ್ತು ನಿಯಮಗಳು

ಎಲ್ಲ ತಂಡಗಳಿಗೂ ಒಂದೇ ಬಗೆಯ ಕಾರು ಎಂಬುದು ಸರಣಿಯ ಮೂಲತತ್ತ್ವ. ಇಟಲಿಯ ಡಲ್ಲಾರಾ ಕಂಪನಿ ಕಟ್ಟಿದ ಚಾಸಿ, ಮೆಕಾಕ್ರೋಮ್ ಸಿದ್ಧಪಡಿಸಿದ ರೆನಾಲ್ಟ್ ಹೆಸರಿನ ನಾಲ್ಕು ಲೀಟರ್ ವಿ8 ಎಂಜಿನ್, ಸುಮಾರು 600 ಅಶ್ವಶಕ್ತಿ. ಯೂರೋಪಿನ ಜಿಪಿ2 ಸರಣಿ 2008ರಲ್ಲಿ ಹೊಸ ಚಾಸಿಗೆ ಹೊರಳಿದಾಗ, 2005ರ ಹಳೆಯ ಚಾಸಿಗಳನ್ನು ಏಷ್ಯಾ ಸರಣಿಗೆ ಬಳಸಿಕೊಳ್ಳಲಾಯಿತು. ಇದರಿಂದ ಖರ್ಚು ತಗ್ಗಿತು. 2011ರಲ್ಲಿ ಮಾತ್ರ ಇದು ತಿರುಗುಮುರುಗಾಯಿತು. ಆ ವರ್ಷದ ಹೊಸ ಡಲ್ಲಾರಾ ಕಾರು ಮತ್ತು ಪಿರೆಲ್ಲಿ ಟೈರುಗಳು ಮೊದಲು ಪಂದ್ಯಕ್ಕಿಳಿದದ್ದು ಏಷ್ಯಾ ಸರಣಿಯಲ್ಲಿ, ಅಬುಧಾಬಿಯಲ್ಲಿ. ಅದಕ್ಕೆ ಮೊದಲು ಬ್ರಿಡ್ಜ್‌ಸ್ಟೋನ್ ಟೈರುಗಳಿದ್ದವು.

ಪ್ರತಿ ಕೂಟದಲ್ಲಿ ಎರಡು ಪಂದ್ಯ: ದೀರ್ಘವಾದ ಮುಖ್ಯ ಪಂದ್ಯ, ಮರುದಿನ ಚಿಕ್ಕದಾದ ಸ್ಪ್ರಿಂಟ್ ಪಂದ್ಯ. ಮುಖ್ಯ ಪಂದ್ಯದ ಮೊದಲ ಎಂಟು ಸ್ಥಾನಗಳನ್ನು ಮಗುಚಿ ಸ್ಪ್ರಿಂಟ್ ಆರಂಭಿಸುತ್ತಿದ್ದರು. ಎಂಟನೆಯವನು ಮುಂದೆ, ಗೆದ್ದವನು ಎಂಟನೆಯ ಸ್ಥಾನಕ್ಕೆ. ಇದು ಪ್ರೇಕ್ಷಕರ ರಂಜನೆಗೆ ಮಾತ್ರ ಮಾಡಿದ್ದಲ್ಲ. ವೇಗವಾಗಿ ಓಡಿಸುವುದು ಒಂದು ವಿದ್ಯೆ, ಮುಂದಿರುವವರನ್ನು ಹಿಂದಿಕ್ಕುವುದು ಇನ್ನೊಂದು ವಿದ್ಯೆ. ಯುವ ಚಾಲಕನಿಗೆ ಎರಡೂ ಬರುತ್ತವೆಯೇ ಎಂದು ಪರೀಕ್ಷಿಸಲು ಈ ಕ್ರಮ ನೆರವಾಗುತ್ತಿತ್ತು.

ನಾಲ್ಕು ಋತುಗಳು

2008ರ ಮೊದಲ ಋತುವಿನಲ್ಲಿ ಐದು ಕೂಟಗಳಿದ್ದವು: ಜನವರಿಯಲ್ಲಿ ದುಬೈ, ಅನಂತರ ಇಂಡೋನೇಷ್ಯಾದ ಸೆಂಟುಲ್, ಮಲೇಷ್ಯಾದ ಸೆಪಾಂಗ್, ಬಹರೈನ್, ಏಪ್ರಿಲ್‌ನಲ್ಲಿ ಮತ್ತೆ ದುಬೈ. ಹದಿಮೂರು ತಂಡಗಳು, ತಂಡಕ್ಕೆರಡರಂತೆ ಕಾರುಗಳು. ಎಆರ್‌ಟಿ ತಂಡದ ಫ್ರೆಂಚ್ ಚಾಲಕ ರೊಮೇನ್ ಗ್ರೋಜಾನ್ ಹತ್ತರಲ್ಲಿ ನಾಲ್ಕು ಪಂದ್ಯ ಗೆದ್ದು ಚಾಂಪಿಯನ್ ಆದರು. ಸ್ವಿಟ್ಜರ್ಲೆಂಡಿನ ಸೆಬಾಸ್ಟಿಯನ್ ಬ್ಯೂಮಿ ಎರಡನೆಯವರು. ಚೆನ್ನೈಯ ಕರುಣ್ ಚಂದೋಕ್ ಮತ್ತು ಅರ್ಮಾನ್ ಇಬ್ರಾಹಿಂ ಇಬ್ಬರೂ ಈ ಋತುವಿನಲ್ಲಿ ಸ್ಪರ್ಧಿಸಿದ್ದರು. ಮಲೇಷ್ಯಾದ ಮೆರಿಟಸ್ ತಂಡವೂ ಕಣದಲ್ಲಿದ್ದುದರಿಂದ ಸರಣಿಯ ಹೆಸರಿಗೆ ಒಂದಿಷ್ಟು ಅರ್ಥ ಬಂದಿತ್ತು.

2008-09ರ ಎರಡನೆಯ ಋತು ಆರು ಕೂಟಗಳದು. ಸರಣಿಯ ಉಚ್ಛ್ರಾಯ ಕಾಲವೆಂದರೆ ಇದೇ. ಚೀನಾದ ಶಾಂಘೈಯಲ್ಲಿ ಆರಂಭವಾಗಿ, ದುಬೈ, ಬಹರೈನ್, ಕತಾರಿನ ಲುಸೈಲ್, ಸೆಪಾಂಗ್, ಮತ್ತೆ ಬಹರೈನ್ ಎಂದು ಸಾಗಿತು. ಲುಸೈಲ್‌ನ ಪಂದ್ಯಗಳು ರಾತ್ರಿ ಹೊನಲುಬೆಳಕಿನಲ್ಲಿ ನಡೆದವು. ಡಿಸೆಂಬರ್‌ನ ದುಬೈ ಕೂಟದಲ್ಲಿ ಮಾತ್ರ ಯಾರೂ ನಿರೀಕ್ಷಿಸದ ಅಡ್ಡಿ ಎದುರಾಯಿತು: ಮಳೆ ಸುರಿದು ಟ್ರ್ಯಾಕ್ ಮೇಲೆ ನೀರು ನಿಂತು ಸ್ಪ್ರಿಂಟ್ ಪಂದ್ಯ ರದ್ದಾಯಿತು. ಮಳೆಯಿಲ್ಲದ ನಾಡೆಂದು ಹುಡುಕಿಕೊಂಡು ಬಂದ ಸರಣಿ ಕಳೆದುಕೊಂಡ ಆ ಒಂದು ಪಂದ್ಯದಿಂದಾಗಿಯೇ ಒಟ್ಟು ಲೆಕ್ಕ 34ರ ಬದಲು 33ಕ್ಕೆ ನಿಂತಿದೆ. ಡ್ಯಾಮ್ಸ್ ತಂಡದ ಜಪಾನಿ ಚಾಲಕ ಕಮುಯಿ ಕೊಬಯಾಶಿ ಚಾಂಪಿಯನ್ ಆದರು. ನಿಕೊ ಹುಲ್ಕೆನ್‌ಬರ್ಗ್, ಸರ್ಜಿಯೊ ಪೆರೆಜ್, ವಿಟಾಲಿ ಪೆಟ್ರೋವ್ ಮುಂತಾಗಿ ಮುಂದೆ ಫಾರ್ಮುಲಾ ಒನ್‌ನಲ್ಲಿ ಹೆಸರಾದವರು ಇಲ್ಲಿ ಪಳಗಿದವರೇ.

2009-10ರ ಮೂರನೆಯ ಋತುವಿನಲ್ಲಿ ದೂರಪೂರ್ವದ ಟ್ರ್ಯಾಕ್‌ಗಳೆಲ್ಲ ಕೈಬಿಟ್ಟುಹೋದವು. ನಾಲ್ಕೇ ಕೂಟ: ಯಾಸ್ ಮರೀನಾದಲ್ಲಿ ಎರಡು, ಬಹರೈನ್‌ನಲ್ಲಿ ಎರಡು. ಮೊದಲನೆಯದು 2009ರ ನವೆಂಬರ್ 1ರಂದು ನಡೆದ ಮೊತ್ತಮೊದಲ ಅಬುಧಾಬಿ ಗ್ರಾಂಪ್ರಿಯ ಜೊತೆಯಲ್ಲಿ ನಡೆಯಿತು. ಹಿಂದಿನ ಋತುವಿನ ಚಾಂಪಿಯನ್ ಕೊಬಯಾಶಿ ಆ ಹೊತ್ತಿಗಾಗಲೇ ಗಾಯಾಳು ಟಿಮೊ ಗ್ಲಾಕ್ ಅವರ ಬದಲಿಗೆ ಟೊಯೋಟಾ ಫಾರ್ಮುಲಾ ಒನ್ ಕಾರಿನಲ್ಲಿದ್ದರು. ಯಾಸ್‌ನಲ್ಲಿ ತಮ್ಮ ಎರಡನೆಯ ಗ್ರಾಂಪ್ರಿಯಲ್ಲಿಯೇ ಆರನೆಯವರಾಗಿ ಗುರಿ ಮುಟ್ಟಿದರು. ಏಷ್ಯಾ ಸರಣಿಯಿಂದ ಫಾರ್ಮುಲಾ ಒನ್‌ಗೆ ಎಷ್ಟು ದೂರ ಎಂದು ಕೇಳುವವರಿಗೆ ಆ ವಾರಾಂತ್ಯ ಒಂದೇ ಟ್ರ್ಯಾಕ್‌ನಲ್ಲಿ ಉತ್ತರ ಕೊಟ್ಟಿತು. ಈ ಋತುವಿನ ಚಾಂಪಿಯನ್ ಇಟಲಿಯ ಡೇವಿಡೆ ವಾಲ್ಸೆಕಿ. ಕೊನೆಯ ಕೂಟ 2010ರ ಮಾರ್ಚ್‌ನಲ್ಲಿ ಬಹರೈನ್ ಗ್ರಾಂಪ್ರಿಯ ಜೊತೆ ನಡೆಯಿತು. ಕರುಣ್ ಚಂದೋಕ್ ಫಾರ್ಮುಲಾ ಒನ್‌ಗೆ ಕಾಲಿಟ್ಟದ್ದೂ ಆ ಗ್ರಾಂಪ್ರಿಯಲ್ಲಿಯೇ. ನಾರಾಯಣ್ ಕಾರ್ತಿಕೇಯನ್ ನಂತರ ಅಲ್ಲಿಗೆ ತಲುಪಿದ ಎರಡನೆಯ ಭಾರತೀಯರು ಅವರು.

ವೈದ್ಯರಿಲ್ಲದೆ ಪಂದ್ಯವಿಲ್ಲ

2011ರ ನಾಲ್ಕನೆಯ ಋತುವಿಗೆ ಮೂರು ಕೂಟಗಳನ್ನು ನಿಗದಿ ಮಾಡಿದ್ದರು: ಫೆಬ್ರವರಿ 11-12ರಂದು ಯಾಸ್ ಮರೀನಾ, ಮುಂದಿನ ವಾರ ಬಹರೈನ್, ಮಾರ್ಚ್‌ನಲ್ಲಿ ಗ್ರಾಂಪ್ರಿಯ ಜೊತೆ ಮತ್ತೆ ಬಹರೈನ್. ಯಾಸ್‌ನ ಕೂಟ ನಿರ್ವಿಘ್ನವಾಗಿ ಮುಗಿಯಿತು. ತಂಡಗಳು ಬಹರೈನ್ ತಲುಪುವ ಹೊತ್ತಿಗೆ, ಫೆಬ್ರವರಿ 14ರಿಂದ, ರಾಜಧಾನಿ ಮನಾಮಾದಲ್ಲಿ ಪ್ರತಿಭಟನೆಗಳು ಆರಂಭವಾಗಿದ್ದವು. 17ರ ನಸುಕಿನಲ್ಲಿ ಪರ್ಲ್ ವೃತ್ತದಲ್ಲಿ ಸೇರಿದ್ದ ಜನರನ್ನು ಬಲಪ್ರಯೋಗದಿಂದ ಚದುರಿಸಲಾಯಿತು, ಸಾವುನೋವುಗಳಾದವು.

ಅದೇ ದಿನ ಟ್ರ್ಯಾಕ್‌ನಲ್ಲಿ ಅಭ್ಯಾಸ ನಡೆಯಬೇಕಿತ್ತು. ಅದು ರದ್ದಾಯಿತು. ಮೊದಲು ಹೊರಬಿದ್ದ ಕಾರಣ ವೈದ್ಯಕೀಯವಾದದ್ದು: ಟ್ರ್ಯಾಕ್‌ಗೆ ನಿಯೋಜಿತರಾಗಿದ್ದ ವೈದ್ಯಕೀಯ ಸಿಬ್ಬಂದಿ ನಗರದ ಆಸ್ಪತ್ರೆಗಳಿಗೆ ಬೇಕಾಗಿದ್ದರು. ಸ್ವಲ್ಪ ಹೊತ್ತಿನಲ್ಲಿ ಬಹರೈನ್ ಮೋಟಾರ್ ಫೆಡರೇಷನ್ನಿನ ಕೋರಿಕೆಯಂತೆ ಇಡೀ ಕೂಟವನ್ನೇ ಕೈಬಿಡಲಾಯಿತು. ನಾಲ್ಕು ದಿನಗಳ ನಂತರ ಮಾರ್ಚ್‌ನ ಗ್ರಾಂಪ್ರಿಯೂ ರದ್ದೆಂದು ಘೋಷಣೆಯಾಯಿತು. ಅದರ ಜೊತೆಗಿದ್ದ ಏಷ್ಯಾ ಸರಣಿಯ ಕೂಟವೂ ಹೋಯಿತು. ಋತುವನ್ನು ಹೇಗಾದರೂ ಮುಗಿಸಲು ಮಾರ್ಚ್ 19-20ರಂದು ಇಮೋಲಾದಲ್ಲಿ ಒಂದು ಕೂಟ ನಡೆಸಿದರು. ಏಷ್ಯಾ ಎಂಬ ಹೆಸರು ಹೊತ್ತ ಸರಣಿ ಹೀಗೆ ಯೂರೋಪಿನಲ್ಲಿ ಕೊನೆಗೊಂಡಿತು. ಎರಡೇ ಕೂಟಗಳ ಆ ಋತುವಿನಲ್ಲಿ ಗ್ರೋಜಾನ್ ಮತ್ತೆ ಚಾಂಪಿಯನ್. ಫ್ರಾನ್ಸಿನವರೇ ಆದ ಜೂಲ್ಸ್ ಬಿಯಾಂಕಿ ಎರಡನೆಯವರು.

ರೇಸ್ ನಿಲ್ಲಲು ವೈದ್ಯರ ಗೈರುಹಾಜರಿ ಕಾರಣವಾಯಿತೆಂದರೆ ಹೊರಗಿನವರಿಗೆ ಅದೊಂದು ನೆಪವೆಂದು ತೋರಬಹುದು. ವಸ್ತುಸ್ಥಿತಿ ಬೇರೆ. ಅಂತರರಾಷ್ಟ್ರೀಯ ಮೋಟಾರು ಸಂಸ್ಥೆಯಾದ ಎಫ್‌ಐಎಯ ನಿಯಮಗಳ ಪ್ರಕಾರ, ಮುಖ್ಯ ವೈದ್ಯಾಧಿಕಾರಿ ಸಿದ್ಧವೆಂದು ಹೇಳುವವರೆಗೆ ಒಂದು ಕಾರೂ ಟ್ರ್ಯಾಕ್‌ಗೆ ಇಳಿಯುವಂತಿಲ್ಲ. ಟ್ರ್ಯಾಕ್‌ನಲ್ಲಿಯೇ ಪ್ರಾಥಮಿಕ ಶಸ್ತ್ರಚಿಕಿತ್ಸೆಗೆ ಸಜ್ಜಾದ ವೈದ್ಯಕೀಯ ಕೇಂದ್ರ, ಬೆನ್ನುಹುರಿಗೆ ಘಾಸಿಯಾಗದಂತೆ ಚಾಲಕನನ್ನು ಕಾರಿನಿಂದ ಹೊರತೆಗೆಯುವ ತರಬೇತಿ ಪಡೆದ ತಂಡ, ವೈದ್ಯರನ್ನು ಹೊತ್ತ ವೇಗದ ಕಾರು, ಆಂಬುಲೆನ್ಸ್‌ಗಳು, ದೊಡ್ಡ ಕೂಟಗಳಲ್ಲಿ ಹೆಲಿಕಾಪ್ಟರ್, ನರಶಸ್ತ್ರಚಿಕಿತ್ಸೆ ಮತ್ತು ಸುಟ್ಟಗಾಯಗಳ ವಿಭಾಗವಿರುವ ನಿಯೋಜಿತ ಆಸ್ಪತ್ರೆ — ಇವೆಲ್ಲವೂ ಒಂದು ಸರಪಳಿ. ಒಂದು ಕೊಂಡಿ ಕಳಚಿದರೂ ಓಟ ನಿಲ್ಲಬೇಕು. 2017ರ ಏಪ್ರಿಲ್‌ನಲ್ಲಿ ಶಾಂಘೈಯ ಫಾರ್ಮುಲಾ ಒನ್ ಕೂಟದ ಮೊದಲ ದಿನದ ಅಭ್ಯಾಸ ಬಹುಪಾಲು ನಡೆಯಲೇ ಇಲ್ಲ. ಮಬ್ಬು ಕವಿದು ಆಸ್ಪತ್ರೆಯ ಬಳಿ ಹೆಲಿಕಾಪ್ಟರ್ ಇಳಿಯಲಾಗದು ಎಂಬುದಷ್ಟೇ ಕಾರಣ.

ಈ ಕಟ್ಟುನಿಟ್ಟಿನ ಹಿಂದಿರುವವರು ಪ್ರಧಾನವಾಗಿ ಬ್ರಿಟನ್ನಿನ ನರಶಸ್ತ್ರಚಿಕಿತ್ಸಕ ಸಿಡ್ ವಾಟ್ಕಿನ್ಸ್. ಅವರು 1978ರಲ್ಲಿ ಫಾರ್ಮುಲಾ ಒನ್‌ನ ವೈದ್ಯರಾದಾಗ ಟ್ರ್ಯಾಕ್ ಬದಿಯ ಚಿಕಿತ್ಸೆ ಹೆಸರಿಗಷ್ಟೇ ಇತ್ತು. ಸಿದ್ಧತೆಯಿಲ್ಲದಿದ್ದರೆ ಪಂದ್ಯವೂ ಇಲ್ಲ ಎಂಬ ನಿಲುವನ್ನು ಅವರು ಪಟ್ಟುಹಿಡಿದು ಸ್ಥಾಪಿಸಿದರು. ಬಹರೈನ್‌ನಲ್ಲಿ ಆ ನಿಯಮ ಇನ್ನೊಂದು ಬಗೆಯಲ್ಲಿ ಕೆಲಸ ಮಾಡಿತು. ಗಾಯಗೊಳ್ಳಬಹುದಾದ ಇಪ್ಪತ್ತಾರು ಚಾಲಕರಿಗಿಂತ, ಆಗಲೇ ಗಾಯಗೊಂಡ ನಾಗರಿಕರಿಗೆ ಆ ಕೈಗಳು ಹೆಚ್ಚು ಬೇಕಾಗಿದ್ದವು. ಆಪತ್ಕಾಲದಲ್ಲಿ ಯಾರಿಗೆ ಮೊದಲು ಚಿಕಿತ್ಸೆ ಎಂಬುದು ನಮ್ಮ ವೃತ್ತಿಯ ಅತ್ಯಂತ ಹಳೆಯ ಪ್ರಶ್ನೆ. ಆ ದಿನದ ಸರಿಯುತ್ತರ ಪಂದ್ಯವನ್ನು ಬಿಡುವುದೇ ಆಗಿತ್ತು.

ಇಬ್ಬರು ಫ್ರೆಂಚ್ ಚಾಲಕರು

ಸರಣಿಯ ಕೊನೆಯ ಅಂಕಪಟ್ಟಿಯಲ್ಲಿ ಮೊದಲೆರಡು ಸ್ಥಾನ ಪಡೆದವರ ಮುಂದಿನ ಬದುಕು ರೇಸಿಂಗ್ ವೈದ್ಯಕೀಯದ ಇತಿಹಾಸದ ಭಾಗವೇ ಆಯಿತು.

ಜೂಲ್ಸ್ ಬಿಯಾಂಕಿ 2013ರಲ್ಲಿ ಫಾರ್ಮುಲಾ ಒನ್ ಪ್ರವೇಶಿಸಿದರು. 2014ರ ಅಕ್ಟೋಬರ್ 5ರಂದು ಜಪಾನಿನ ಸುಝುಕಾದಲ್ಲಿ ಮಳೆಯ ನಡುವೆ ಅವರ ಕಾರು ಟ್ರ್ಯಾಕ್ ಬಿಟ್ಟು, ಇನ್ನೊಂದು ಕಾರನ್ನು ಎತ್ತುತ್ತಿದ್ದ ಭಾರದ ವಾಹನಕ್ಕೆ ಡಿಕ್ಕಿ ಹೊಡೆಯಿತು. ಅವರಿಗಾದದ್ದು ಮಿದುಳಿನ ನರತಂತುಗಳ ವ್ಯಾಪಕ ಹರಿತ. ತಲೆಯು ಕ್ಷಣಾರ್ಧದಲ್ಲಿ ನಿಂತಾಗ ಒಳಗಿನ ಮಿದುಳು ಅದೇ ವೇಗದಲ್ಲಿ ನಿಲ್ಲದೆ ತಿರುಚಿಕೊಳ್ಳುತ್ತದೆ. ಅದರ ಪದರಗಳು ಒಂದರ ಮೇಲೊಂದು ಸರಿಯುವಾಗ ಉದ್ದನೆಯ ತಂತುಗಳು ಎಳೆದು ಹರಿಯುತ್ತವೆ. ತಲೆಬುರುಡೆ ಒಡೆಯದಿದ್ದರೂ ಹೀಗಾಗಬಹುದು. ಹೆಲ್ಮೆಟ್ ಇದನ್ನು ಪೂರ್ತಿ ತಡೆಯಲಾರದು. ಶಸ್ತ್ರಚಿಕಿತ್ಸೆಯಿಂದ ಸರಿಪಡಿಸುವುದೂ ಸಾಧ್ಯವಿಲ್ಲ. ಒಂಬತ್ತು ತಿಂಗಳು ಪ್ರಜ್ಞೆ ಮರಳದೆ 2015ರ ಜುಲೈ 17ರಂದು ತಮ್ಮ 25ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಅಪಾಯದ ಸೂಚನೆ ಬಂದೊಡನೆ ಎಲ್ಲ ಕಾರುಗಳೂ ಕಡ್ಡಾಯವಾಗಿ ವೇಗ ತಗ್ಗಿಸಬೇಕಾದ ವರ್ಚುವಲ್ ಸೇಫ್ಟಿ ಕಾರ್ ವ್ಯವಸ್ಥೆ ಆ ಅಪಘಾತದ ನಂತರ, 2015ರಲ್ಲಿ, ಜಾರಿಗೆ ಬಂತು. ಚಾಲಕನ ತಲೆಯ ಸುತ್ತ ಟೈಟೇನಿಯಂ ಚೌಕಟ್ಟು ಹಾಕುವ 'ಹೇಲೋ' 2018ರಲ್ಲಿ ಕಡ್ಡಾಯವಾಯಿತು.

ಹೇಲೋ ಬೇಡವೆಂದು ಮೊದಲು ಬಹಿರಂಗವಾಗಿ ವಿರೋಧಿಸಿದವರಲ್ಲಿ ಗ್ರೋಜಾನ್ ಒಬ್ಬರು. 2020ರ ನವೆಂಬರ್ 29ರಂದು ಬಹರೈನ್ ಗ್ರಾಂಪ್ರಿಯ ಮೊದಲ ಸುತ್ತಿನಲ್ಲಿಯೇ ಅವರ ಕಾರು ಗಂಟೆಗೆ ಸುಮಾರು 192 ಕಿಲೋಮೀಟರ್ ವೇಗದಲ್ಲಿ ಉಕ್ಕಿನ ತಡೆಬೇಲಿಯನ್ನು ಸೀಳಿ, ಎರಡು ತುಂಡಾಗಿ ಹೊತ್ತಿಕೊಂಡಿತು. ತಡೆಬೇಲಿಯ ಉಕ್ಕು ತಲೆಗೆ ತಾಗದಂತೆ ತಡೆದದ್ದು ಹೇಲೋ. ಸುಮಾರು 28 ಸೆಕೆಂಡು ಬೆಂಕಿಯೊಳಗಿದ್ದು ಅವರು ತಾವೇ ಹೊರಬಂದರು, ಕೈಗಳಿಗೆ ಸುಟ್ಟಗಾಯಗಳಾದವು. ಅಷ್ಟರಲ್ಲಿ ವೈದ್ಯರ ಕಾರು ಅಲ್ಲಿಗೆ ತಲುಪಿತ್ತು, ಡಾ. ಇಯಾನ್ ರಾಬರ್ಟ್ಸ್ ಜ್ವಾಲೆಯ ಬದಿಗೇ ಹೋಗಿ ಅವರನ್ನು ಎಳೆದುಕೊಂಡರು. ಅದು ಆಕಸ್ಮಿಕವಲ್ಲ. ಮೊದಲ ಸುತ್ತಿನಲ್ಲಿ ಕಾರುಗಳು ಒತ್ತೊತ್ತಾಗಿರುವುದರಿಂದ ಅಪಘಾತದ ಸಂಭವ ಹೆಚ್ಚು. ಆದ್ದರಿಂದ ವೈದ್ಯರ ಕಾರು ಆ ಸುತ್ತಿನುದ್ದಕ್ಕೂ ಹಿಂಬಾಲಿಸಬೇಕೆಂಬ ವ್ಯವಸ್ಥೆ ದಶಕಗಳಿಂದ ಇದೆ. ವೈದ್ಯರಿಲ್ಲವೆಂದು 2011ರಲ್ಲಿ ಅಭ್ಯಾಸ ನಿಲ್ಲಿಸಿದ ಅದೇ ಸಖೀರ್ ಟ್ರ್ಯಾಕ್‌ನಲ್ಲಿ, ಒಂಬತ್ತು ವರ್ಷಗಳ ನಂತರ, ಅದೇ ಸರಣಿಯ ಚಾಂಪಿಯನ್ ಬದುಕುಳಿದದ್ದರಲ್ಲಿ ವೈದ್ಯರ ಹಾಜರಿಗೂ ಪಾಲಿತ್ತು.

ಉಳಿದ ಚಾಂಪಿಯನ್ನರ ಹಾದಿ ಬೇರೆಬೇರೆ. ಕೊಬಯಾಶಿ 2012ರಲ್ಲಿ ಸುಝುಕಾದ ತವರು ಗ್ರಾಂಪ್ರಿಯಲ್ಲಿ ಮೂರನೆಯ ಸ್ಥಾನ ಪಡೆದರು. ಅವರೂ ಬ್ಯೂಮಿಯೂ ಮುಂದೆ ಲೆ ಮಾನ್ 24 ತಾಸಿನ ಪಂದ್ಯದ ವಿಜೇತರಾದರು. ವಾಲ್ಸೆಕಿ 2012ರಲ್ಲಿ ಮುಖ್ಯ ಜಿಪಿ2 ಪ್ರಶಸ್ತಿಯನ್ನೂ ಗೆದ್ದರು. ಆದರೂ ಒಂದೇ ಒಂದು ಫಾರ್ಮುಲಾ ಒನ್ ಪಂದ್ಯದಲ್ಲಿ ಓಡಿಸುವ ಅವಕಾಶ ಅವರಿಗೆ ದೊರೆಯಲಿಲ್ಲ. ಮೆಟ್ಟಿಲು ಹತ್ತಿದವರಿಗೆಲ್ಲ ಮೇಲೆ ಬಾಗಿಲು ತೆರೆದಿರುವುದಿಲ್ಲ.

ಸರಣಿ ನಿಂತದ್ದೇಕೆ

ಬಹರೈನ್‌ನ ಘಟನೆ ಸರಣಿಯ ಕೊನೆಯನ್ನು ಹತ್ತಿರ ತಂದಿತಷ್ಟೆ. ಮೂಲ ಕಾರಣಗಳು ಮೊದಲೇ ಇದ್ದವು. ಕೂಟಗಳ ಸಂಖ್ಯೆಯನ್ನು ನೋಡಿದರೆ ಸಾಕು: ಐದು, ಆರು, ನಾಲ್ಕು, ಎರಡು. 2008ರ ಆರ್ಥಿಕ ಕುಸಿತದ ನಂತರ ಪ್ರಾಯೋಜಕರು ಹಿಂಜರಿಯುತ್ತಿದ್ದ ಕಾಲವದು. ಕಾರು, ಬಿಡಿಭಾಗ, ಸಿಬ್ಬಂದಿಯನ್ನು ಖಂಡದಿಂದ ಖಂಡಕ್ಕೆ ವಿಮಾನದಲ್ಲಿ ಸಾಗಿಸುವ ಖರ್ಚು ಕಿರಿಯರ ಸರಣಿಗೆ ಭಾರ. ತಂಡಗಳು ಆ ಖರ್ಚನ್ನು ಬಹುಪಾಲು ಚಾಲಕರಿಂದಲೇ ವಸೂಲು ಮಾಡುತ್ತವೆ. ಅಂದರೆ ಕಟ್ಟಕಡೆಗೆ ಹೊರುವವರು ಕುಟುಂಬದವರು ಮತ್ತು ಅವರಿಗೆ ದೊರೆತ ಪ್ರಾಯೋಜಕರು.

ಕೊನೆಗೆ ಎರಡು ಸರಣಿಗಳನ್ನು ಒಂದಾಗಿಸಿದರು. 2012ರ ಮುಖ್ಯ ಜಿಪಿ2 ವೇಳಾಪಟ್ಟಿಗೆ ಸೆಪಾಂಗ್, ಬಹರೈನ್, ಸಿಂಗಾಪುರ ಸೇರಿದವು. ಪ್ರತ್ಯೇಕ ಏಷ್ಯಾ ಸರಣಿಯ ಅಗತ್ಯ ತೀರಿತು. 2017ರಲ್ಲಿ ಜಿಪಿ2 ಫಾರ್ಮುಲಾ 2 ಎಂಬ ಹೆಸರು ಪಡೆಯಿತು.

ಉಳಿದ ಜಾಡು: ಚೆನ್ನೈ, ಬೆಂಗಳೂರು, ಯಾಸ್

ಸರಣಿ ಹೋದರೂ ಚಳಿಗಾಲ ಉಳಿಯಿತು. ಚೆನ್ನೈಯ ಎಂಆರ್‌ಎಫ್ ಟೈರ್ ಕಂಪನಿ ನಡೆಸಿದ ಎಂಆರ್‌ಎಫ್ ಚಾಲೆಂಜ್ ಫಾರ್ಮುಲಾ 2000 ಸರಣಿ ಇದೇ ಸೂತ್ರವನ್ನು ಕಡಿಮೆ ಖರ್ಚಿನಲ್ಲಿ ಮುಂದುವರಿಸಿತು: ಚೆನ್ನೈ, ಬಹರೈನ್, ದುಬೈ, ಕೆಲವು ಬಾರಿ ಅಬುಧಾಬಿ. ಮೈಕೆಲ್ ಶುಮಾಕರ್ ಅವರ ಮಗ ಮಿಕ್ ಶುಮಾಕರ್ ಅದರಲ್ಲಿ ಓಡಿದರು. 2018-19ರಲ್ಲಿ ಬ್ರಿಟನ್ನಿನ ಜೇಮಿ ಚಾಡ್ವಿಕ್ ಅದನ್ನು ಗೆದ್ದ ಮೊದಲ ಮಹಿಳೆಯಾದರು. ಆ ಸರಣಿಯೂ ಈಗಿಲ್ಲ. 2016ರಲ್ಲಿ ಯುಎಇಯದೇ ಫಾರ್ಮುಲಾ 4 ಸರಣಿ ಆರಂಭವಾಯಿತು. ಕೋವಿಡ್ ಕಾಲದಲ್ಲಿ, 2021ರ ಜನವರಿ-ಫೆಬ್ರವರಿಯಲ್ಲಿ, ಎಫ್3 ಏಷ್ಯನ್ ಚಾಂಪಿಯನ್‌ಷಿಪ್ ಪೂರ್ತಿಯಾಗಿ ದುಬೈ ಮತ್ತು ಅಬುಧಾಬಿಗಳಲ್ಲಿಯೇ ನಡೆಯಿತು. 2023ರಿಂದ ಫಾರ್ಮುಲಾ ರೀಜನಲ್ ಮಿಡ್ಲ್ ಈಸ್ಟ್ ಸರಣಿ ಆ ಸ್ಥಾನಕ್ಕೆ ಬಂತು. ಅದರ ಮೊದಲ ಚಾಂಪಿಯನ್ ಆಂಡ್ರಿಯಾ ಕಿಮಿ ಆಂಟೊನೆಲ್ಲಿ ಎರಡು ವರ್ಷಗಳಲ್ಲಿ ಮರ್ಸಿಡಿಸ್ ಫಾರ್ಮುಲಾ ಒನ್ ತಂಡದಲ್ಲಿದ್ದರು.

ಈ ಹೊಸ ಸರಣಿಗಳಿಗೆ ಜಿಪಿ2 ಏಷ್ಯಾಕ್ಕೆ ಇಲ್ಲದಿದ್ದ ಒಂದು ಬಲವಿತ್ತು. 2016ರಿಂದ ಫಾರ್ಮುಲಾ ಒನ್‌ಗೆ ಬೇಕಾದ ಸೂಪರ್ ಲೈಸೆನ್ಸ್ ಪಡೆಯಲು ಚಾಲಕನು ಮೂರು ವರ್ಷಗಳಲ್ಲಿ 40 ಅಂಕ ಕೂಡಿಹಾಕಬೇಕು. ಯಾವ ಸರಣಿಯ ಯಾವ ಸ್ಥಾನಕ್ಕೆ ಎಷ್ಟು ಅಂಕ ಎಂದು ಎಫ್‌ಐಎ ನಿಗದಿ ಮಾಡಿದೆ. ಚಳಿಗಾಲದ ಐದಾರು ವಾರಗಳಲ್ಲಿ ಒಂದಿಷ್ಟು ಅಂಕ ಗಳಿಸಬಹುದೆಂಬ ಕಾರಣಕ್ಕೂ ಯೂರೋಪಿನ ಪ್ರತಿಭೆಗಳು ಇಲ್ಲಿಗೆ ಬರುತ್ತಿದ್ದರು.

2021ರ ಆ ಏಷ್ಯನ್ ಸರಣಿಯಲ್ಲಿ ಮುಂಬೈ ಫಾಲ್ಕನ್ಸ್ ತಂಡದ ಪರ ಮುಂಬೈಯ ಜೆಹಾನ್ ದಾರುವಾಲಾ ಅವರೊಂದಿಗೆ ಸ್ಪರ್ಧಿಸಿದವರು ಬೆಂಗಳೂರಿನ ಕುಶ್ ಮೈನಿ. ಅವರ ಅಣ್ಣ ಅರ್ಜುನ್ ಮೈನಿ, ಫೋರ್ಸ್ ಇಂಡಿಯಾ ತಂಡ 2011ರಲ್ಲಿ ನಡೆಸಿದ ಪ್ರತಿಭಾನ್ವೇಷಣೆಯಲ್ಲಿ ಆಯ್ಕೆಯಾದವರು. 2017ರಲ್ಲಿ ಬಾರ್ಸಿಲೋನಾದಲ್ಲಿ ಜಿಪಿ3 ಪಂದ್ಯ ಗೆದ್ದರು. 2018ರಲ್ಲಿ ಫಾರ್ಮುಲಾ 2ರಲ್ಲಿ ಓಡಿದರು. ಕುಶ್ 2025ರ ಮೇ 24ರಂದು ಮೊನಾಕೊದಲ್ಲಿ ಫಾರ್ಮುಲಾ 2 ಸ್ಪ್ರಿಂಟ್ ಪಂದ್ಯ ಗೆದ್ದರು; ಅಲ್ಲಿ ಆ ಮಟ್ಟದಲ್ಲಿ ಗೆದ್ದ ಮೊದಲ ಭಾರತೀಯರು ಅವರು. ಕರ್ನಾಟಕಕ್ಕೆ ಕೆ-1000 ರ‍್ಯಾಲಿಯಂತಹ ಹಳೆಯ ಪರಂಪರೆಯಿದೆ, ಬೆಂಗಳೂರಿನಲ್ಲಿ ಕಾರ್ಟಿಂಗ್ ಅಂಗಣಗಳಿವೆ. ಏಕಾಸನ ಕಾರುಗಳ ಅಂತರರಾಷ್ಟ್ರೀಯ ಪಂದ್ಯಕ್ಕೆ ಒಪ್ಪುವ ಕಾಯಂ ಟ್ರ್ಯಾಕ್ ಮಾತ್ರ ಇಲ್ಲ. ಹೀಗಾಗಿ ಬೆಂಗಳೂರಿನ ಹುಡುಗನಿಗೆ ಚೆನ್ನೈ ಮೊದಲ ನಿಲ್ದಾಣವಾದರೆ, ಕೊಲ್ಲಿ ಹಲವು ಬಾರಿ ಎರಡನೆಯದು.

ಇಲ್ಲಿನ ಕನ್ನಡ ಕುಟುಂಬಗಳಿಗೆ

ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟ್‌ನ ಫ್ಲ್ಯಾಟುಗಳಿಂದ ಯಾಸ್ ದ್ವೀಪಕ್ಕೆ ಕಾರಿನಲ್ಲಿ ಸುಮಾರು ಅರ್ಧ ತಾಸಿನ ದಾರಿ. ಯಾಸ್ ಕಾರ್ಟ್‌ಝೋನ್, ದುಬೈ ಕಾರ್ಟ್‌ಡ್ರೋಮ್‌ಗಳಲ್ಲಿ ವಾರಾಂತ್ಯದಲ್ಲಿ ಮಕ್ಕಳನ್ನು ಓಡಿಸಲು ಕರೆದೊಯ್ಯುವ ನಮ್ಮವರು ಸಾಕಷ್ಟಿದ್ದಾರೆ. ಅವರಲ್ಲಿ ಯಾವುದೋ ಮಗುವಿನ ಕೈಯಲ್ಲಿ ನಿಜವಾದ ಚಳಕ ಇರಬಹುದು. ಆಗ ಮುಂದೇನು ಎಂಬ ಪ್ರಶ್ನೆ ಏಳುತ್ತದೆ. ಜಿಪಿ2 ಏಷ್ಯಾದ ಕಥೆ ಆ ಪ್ರಶ್ನೆಗೆ ಕೆಲವು ಉತ್ತರಗಳನ್ನು ಕೊಡುತ್ತದೆ.

ಸರಣಿಗಳ ಆಯುಷ್ಯ ಚಿಕ್ಕದು. ಮಗು ಕಾರ್ಟ್ ಹತ್ತುವಾಗ ಇದ್ದ ಮೆಟ್ಟಿಲು, ಅದು ಹದಿನಾರಕ್ಕೆ ಬರುವಾಗ ಇಲ್ಲದಿರಬಹುದು. ಆದ್ದರಿಂದ ಒಂದೇ ಸರಣಿಯನ್ನು ನಂಬಿ ಹಲವು ವರ್ಷಗಳ ಲೆಕ್ಕ ಹಾಕುವುದು ಜಾಣತನವಲ್ಲ. ಖರ್ಚಿನ ವಿಷಯ ಎಲ್ಲರಿಗೂ ತಿಳಿದದ್ದೇ. ತಂದೆತಾಯಿಗಳು ಅದಕ್ಕಿಂತ ಕಡಿಮೆ ವಿಚಾರಿಸುವುದು ದೇಹದ ವಿಷಯವನ್ನು. ಇಂತಹ ಕಾರು ವೇಗವಾಗಿ ತಿರುಗುವಾಗ ಹೆಲ್ಮೆಟ್ ಸಹಿತ ತಲೆಯ ಭಾರ ಮೂರು ನಾಲ್ಕು ಪಟ್ಟಾಗಿ ಕತ್ತನ್ನು ಪಕ್ಕಕ್ಕೆ ಎಳೆಯುತ್ತದೆ. ಬೆಳೆಯುತ್ತಿರುವ ಕತ್ತಿನ ಸ್ನಾಯುಗಳನ್ನು ನಿಧಾನವಾಗಿ, ತಜ್ಞರ ಕೈಕೆಳಗೆ ಬಲಪಡಿಸಬೇಕು. ಬೆಂಕಿನಿರೋಧಕ ಉಡುಪಿನೊಳಗೆ ಬೆವರು ಆರದೆ ದೇಹದ ಬಿಸಿ ಏರುತ್ತದೆ. ಬಿಸಿಯೂ ತೇವವೂ ಇರುವ ಕಡೆ ಒಂದು ಪಂದ್ಯದಲ್ಲಿ ಎರಡು ಮೂರು ಕಿಲೋ ತೂಕ ನೀರಿನ ರೂಪದಲ್ಲಿ ಇಳಿಯಬಹುದು. ಎಲ್ಲಕ್ಕಿಂತ ಮುಖ್ಯವಾದದ್ದು ತಲೆಗೆ ಬಿದ್ದ ಪೆಟ್ಟು. ಪ್ರಜ್ಞೆ ತಪ್ಪದಿದ್ದರೂ ಮಿದುಳು ಅಲುಗಿರಬಹುದು. ತಲೆನೋವು, ಮಂಕು, ನಿದ್ದೆಯ ಏರುಪೇರು ಅದರ ಚಿಹ್ನೆಗಳು. ಅವು ಪೂರ್ತಿ ಹೋಗಿ, ವೈದ್ಯರು ಒಪ್ಪುವ ಮುನ್ನ ಮತ್ತೆ ಹೆಲ್ಮೆಟ್ ಕಟ್ಟಿಸಬಾರದು. ಚೇತರಿಸದ ಮಿದುಳಿಗೆ ಬೀಳುವ ಎರಡನೆಯ ಪೆಟ್ಟು ಮೊದಲಿನದಕ್ಕಿಂತ ಬಹಳ ಅಪಾಯಕಾರಿ, ಹದಿಹರೆಯದವರಲ್ಲಿ ವಿಶೇಷವಾಗಿ.

ಮಗುವನ್ನು ಯಾವುದೇ ಅಂಗಣಕ್ಕೆ ಅಥವಾ ಸರಣಿಗೆ ಸೇರಿಸುವ ಮುನ್ನ ಕಾರಿನ ವೇಗವನ್ನೂ ಬಹುಮಾನವನ್ನೂ ವಿಚಾರಿಸುವ ಜೊತೆಗೆ ಮೂರು ಪ್ರಶ್ನೆ ಕೇಳಬಹುದು: ಪಂದ್ಯದ ದಿನ ಇಲ್ಲಿ ವೈದ್ಯರು ಯಾರು? ಆಂಬುಲೆನ್ಸ್ ಒಂದು ಮಗುವನ್ನು ಹೊತ್ತು ಹೊರಟರೆ ಅದು ಮರಳುವವರೆಗೆ ಓಟ ನಿಲ್ಲಿಸುತ್ತೀರಾ? ಹತ್ತಿರದ ನರಶಸ್ತ್ರಚಿಕಿತ್ಸಾ ವಿಭಾಗ ಎಷ್ಟು ನಿಮಿಷದ ದಾರಿ? ಬಹರೈನ್‌ನಲ್ಲಿ ಆ ಫೆಬ್ರವರಿಯ ಗುರುವಾರ ಕಾರುಗಳು ಗ್ಯಾರೇಜಿನಲ್ಲಿಯೇ ಉಳಿದದ್ದು ಈ ಬಗೆಯ ಪ್ರಶ್ನೆಗಳಿಗೆ ಅಂದು ತೃಪ್ತಿಕರ ಉತ್ತರ ಇರಲಿಲ್ಲವಾದ್ದರಿಂದ.